ಈಜು ಬಾರದವನಿಗೆ ಮೊದಲು ಏನು ಬೇಕು?



ನನ್ನ ಕಾಕಾನ ಮಗ ಕೊಪ್ಪಳದ ಹಳ್ಳಿಯವನು. ನಾಲ್ಕು ವರ್ಷದಿಂದ ಮಲ್ಪೆಯಲ್ಲಿ ಆಳಸಮುದ್ರದ ಬೋಟಿಗೆ ಹೋಗ್ತಾನೆ. ಒಂದು ಸಲ ಹೊರಟರೆ ಹತ್ತು ದಿನ ನೀರ ಮೇಲೇ. ಜೂನ್, ಜುಲೈ ಮೀನುಗಾರಿಕೆ ನಿಷೇಧ ಅಲ್ವಾ, ಈಗ ಊರಿಗೆ ಬಂದಿದ್ದಾನೆ. ಮೊನ್ನೆ ಊಟಕ್ಕೆ ಕೂತಾಗ ಕೇಳಿದೆ, "ಈಜು ಕಲ್ತಿಯೇನೋ?" ನಕ್ಕುಬಿಟ್ಟ. "ಎಲ್ಲಿ ಕಲೀಲಿ ಯಣ್ಣಾ? ಊರ ಬಾವ್ಯಾಗ ನಮ್ಮನ್ನ ಇಳ್ಯಾಕ ಬಿಟ್ರೇನು?"

1927ರಲ್ಲಿ ಬಾಬಾಸಾಹೇಬರು ಮಹಾಡ್‌ನಲ್ಲಿ ಕೆರೆ ನೀರು ಮುಟ್ಟಿದ್ದನ್ನ ಎಷ್ಟು ವೇದಿಕೆಯಲ್ಲಿ ಹೇಳಿದ್ದೀನೋ. ಈ ಲೆಕ್ಕ ಮಾತ್ರ ಹೊಳೆದಿರಲಿಲ್ಲ. ಊರೊಳಗಿನ ಹುಡುಗರು ಬೇಸಿಗೆಯಲ್ಲಿ ಬೆನ್ನಿಗೆ ಬೆಂಡು ಕಟ್ಕೊಂಡು ಬಾವಿಗೆ ಹಾರ್ತಿದ್ರು. ನಾವು ದೂರ ನಿಂತು ನೋಡ್ತಿದ್ವಿ.

ಬೋಟಲ್ಲಿ ಏನೇನಿದೆ ಅಂತ ಕೇಳಿದೆ. ಮೀನು ಎಲ್ಲಿದೆ ಅಂತ ತೋರಿಸೋ ಫಿಶ್ ಫೈಂಡರ್ ಇದೆ, ಜಿಪಿಎಸ್ ಇದೆ, ವೈರ್‌ಲೆಸ್ ಇದೆ. ಲೈಫ್ ಜಾಕೆಟ್?

"ಅದಾವು. ಪ್ಲಾಸ್ಟಿಕ್ ಸೈತ ಬಿಚ್ಚಿಲ್ಲ. ಚೆಕ್ ಮಾಡಾಕ ಬಂದಾಗ ತೋರಸ್ತಾರ."

ಹೋದ ವರ್ಷ ರಾತ್ರಿ ಬಲೆ ಎಳೆಯುವಾಗ ಇವನೇ ಕಾಲು ಜಾರಿ ಬಿದ್ದಿದ್ದನಂತೆ. ಬಲೆಯ ಹಗ್ಗ ಕೈಗೆ ಸಿಕ್ಕಿದ್ದಕ್ಕೆ ಉಳಿದ. ಕಾಕಾಗೆ ಇವತ್ತಿಗೂ ಗೊತ್ತಿಲ್ಲ.

ನನ್ನ ತಕರಾರು ಯಾವುದು ಮೊದಲು ಅನ್ನೋದರ ಬಗ್ಗೆ. ವೈರ್‌ಲೆಸ್ ಬೇಕು, 16ನೇ ಚಾನೆಲ್‌ನಲ್ಲಿ ಕೂಗಿದರೆ ಹತ್ತಿರದ ಬೋಟಿಗೋ ಕೋಸ್ಟ್ ಗಾರ್ಡ್‌ಗೋ ಕೇಳಿಸಬಹುದು. ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಉಪಗ್ರಹದ ಮೂಲಕ ಅಪಾಯದ ಸಂದೇಶ ಕಳಿಸೋ ಇಸ್ರೊದ ಡ್ಯಾಟ್ ಯಂತ್ರವೂ ಬೇಕು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯ ಸುವರ್ಣ ತ್ರಿಭುಜ ಏಳು ಜನರ ಸಮೇತ ಕಾಣೆಯಾಯ್ತು, ಅವಶೇಷ ಸಿಕ್ಕಿದ್ದು ಮರುವರ್ಷ ಮೇನಲ್ಲಿ, ಮಹಾರಾಷ್ಟ್ರದ ಮಾಲ್ವಣ್ ಕಡೆ. ಅದನ್ನ ಮರೆತು ಮಾತಾಡೋಕಾಗಲ್ಲ. ಆದರೆ ಅಂಚಲ್ಲಿ ನಿಂತು ಬಲೆ ಎಳೆಯೋನು ಬಿದ್ದರೆ ವೈರ್‌ಲೆಸ್ ಬೋಟಲ್ಲೇ ಇರುತ್ತೆ, ಅವನು ನೀರಲ್ಲಿ. ಬೋಟು ತಿರುಗಿ ಬರೋ ತನಕ ಅವನನ್ನ ತೇಲಿಸಬೇಕಾದ್ದು ಮೈಮೇಲಿನ ಜಾಕೆಟ್. ಮೊದಲು ಅದು. ಆಮೇಲೆ ಹಗ್ಗ ಕಟ್ಟಿದ, ಕೈಗೆ ತಕ್ಷಣ ಸಿಗೋ ಲೈಫ್ ಬಾಯ್. ಕತ್ತಲಲ್ಲಿ ಊದೋಕೆ ಸೀಟಿ, ಜಾಕೆಟ್ಟಿಗೆ ಸಿಕ್ಕಿಸೋ ಸಣ್ಣ ಲೈಟು.

ದಪ್ಪ ಜಾಕೆಟ್ ಹಾಕ್ಕೊಂಡು ಬಲೆ ಎಳೆಯೋಕಾಗಲ್ಲ, ಸೆಕೆ ಅಂತಾರೆ. ನಿಜಾನೇ. ಕೆಲಸ ಮಾಡ್ತಾನೇ ಹಾಕ್ಕೊಳ್ಳೋ ತೆಳುವಾದವೂ ಬರ್ತವೆ. ಅವನ್ನ ಕೊಳ್ಳೋವಾಗ ಮಾತ್ರ ಮಾಲೀಕರಿಗೆ ಖರ್ಚು ನೆನಪಾಗುತ್ತೆ, ಫಿಶ್ ಫೈಂಡರ್ ಕೊಳ್ಳೋವಾಗ ಆಗಲ್ಲ.

ನಿನಗೊಂದು ನಾನೇ ಕೊಡಿಸ್ತೀನಿ ಅಂದೆ. "ನಾ ಒಬ್ಬನ ಹಾಕ್ಕೊಂಡ್ರ ನಗ್ತಾರ ಯಣ್ಣಾ. ಬೋಟಿನ ಮಂದಿಗೆಲ್ಲ ಕೊಡಸ್ತಿಯೇನು?" ಅಂದ.

ಆಗಸ್ಟ್ 1ಕ್ಕೆ ಬೋಟುಗಳು ಮತ್ತೆ ಹೊರಡ್ತವೆ. ಉಡುಪಿ ಕಡೆಯ ಗೆಳೆಯರೇ, ಅಷ್ಟರೊಳಗೆ ಒಂದು ದಿನ ಮೀನುಗಾರಿಕೆ ಇಲಾಖೆಗೆ ಮನವಿ ಕೊಟ್ಟು, ದಕ್ಕೆಗೆ ಹೋಗಿ ಮಾಲೀಕರ ಹತ್ತಿರ ಮಾತಾಡಬೇಕು. ಯಾರ್ಯಾರು ಬರ್ತೀರಿ, ಇನ್‌ಬಾಕ್ಸ್ ಮಾಡಿ.