ಸಹಾಯದ ಶಾಲೆ

ಊರು ಬಿಟ್ಟು ಬಂದ ನಮ್ಮಂಥ ಗುಮಾಸ್ತರ ಮನೆಗಳಲ್ಲಿ ಮೊದಲ ಚಿಂತೆ ಬಾಡಿಗೆಯದು, ಎರಡನೆಯದು ಮಕ್ಕಳ ಶಾಲೆಯದು. ನಾವು ವಿಜಯವಾಡದಲ್ಲಿ, ನಮ್ಮ ಅಣ್ಣನವರ ಸಂಸಾರ ವಿಶಾಖಪಟ್ಟಣದಲ್ಲಿ. ಎರಡು ಮನೆಯ ಮಕ್ಕಳೂ ಸೇರಿದ್ದು ಸರಕಾರದ ಸಹಾಯಧನ ಪಡೆಯುವ ಹಳೆಯ ಖಾಸಗಿ ಶಾಲೆಗಳಿಗೆ. ಫೀಜು ಕೈಗೆಟಕುವಂಥದು, ಉಪಾಧ್ಯಾಯರು ನುರಿತವರು. ಇನ್ನೇನು ಬೇಕು?

ಈ ಏರ್ಪಾಡು ನಿನ್ನೆ ಮೊನ್ನೆಯದಲ್ಲ. 1854ರ ವುಡ್ಡರ ನಿರೂಪವು ಸಹಾಯಧನದ ಕ್ರಮವನ್ನು ಸೂಚಿಸಿತು. ಮದರಾಸು ಪ್ರಾಂತಕ್ಕೆ ಸೇರಿದ್ದ ಈ ಕರಾವಳಿಯಲ್ಲೂ ಅದು ಬೇರೂರಿತು. ಕಟ್ಟಡ ಆಡಳಿತ ಮಂಡಳಿಯದು, ಸಂಬಳ ಸರಕಾರದ್ದು. ಆದರೆ ಬರಬರುತ್ತ ನಿವೃತ್ತರಾದ ಉಪಾಧ್ಯಾಯರ ಜಾಗಗಳು ಖಾಲಿ ಬಿದ್ದವು. ಮಂಡಳಿಗಳ ಕೈಯೂ ಬರಿದಾಯಿತು.

2021ರಲ್ಲಿ ಆಂಧ್ರ ಸರಕಾರ ಒಂದು ದಾರಿ ತೋರಿಸಿತು: ಆಸ್ತಿಸಮೇತ ಶಾಲೆಯನ್ನು ಸರಕಾರಕ್ಕೆ ಒಪ್ಪಿಸಿ, ಇಲ್ಲವೆ ಉಪಾಧ್ಯಾಯರನ್ನು ಒಪ್ಪಿಸಿ, ಸಹಾಯಧನವಿಲ್ಲದೆ ನಡೆಸಿಕೊಳ್ಳಿ. ಕಡತದಲ್ಲಿ ಇದು ಅಚ್ಚುಕಟ್ಟು. ಹೆತ್ತವರಿಗೆ ಮಾತ್ರ ಅತ್ತ ದರಿ, ಇತ್ತ ಪುಲಿ: ಶಾಲೆ ಮುಚ್ಚಬೇಕು, ಇಲ್ಲವೆ ಫೀಜು ಏರಬೇಕು. “ನಿಮ್ಮ ಕಚೇರಿಯ ಲೆಕ್ಕದಲ್ಲಿ ನಮ್ಮ ಹುಡುಗ ಯಾವ ಕಲಮಿನಲ್ಲಿದ್ದಾನಪ್ಪ?” ಎಂದು ಅಣ್ಣ ಫೋನಿನಲ್ಲಿ ಕೇಳಿದಾಗ ನಮಗೆ ಉತ್ತರ ಹೊಳೆಯಲಿಲ್ಲ.

ಆ ಅಕ್ಟೋಬರಿನಲ್ಲಿ ವಿಶಾಖಪಟ್ಟಣದ ತಂದೆತಾಯಿಗಳು ಬೀದಿಗಿಳಿದರು. ನವೆಂಬರ್ 12ರಂದು ಸರಕಾರ ಸಡಿಲಿಸಿತು: ಬೇಕಾದವರು ಹಿಂದಿನಂತೆಯೇ ಸಹಾಯಧನದಲ್ಲಿ ಮುಂದುವರಿಯಬಹುದು, ಒಪ್ಪಿಗೆ ಕೊಟ್ಟವರೂ ಹಿಂತೆಗೆದುಕೊಳ್ಳಬಹುದು. ಅಣ್ಣನ ಮಗನ ಶಾಲೆ ಉಳಿಯಿತು. ನಮ್ಮ ಮಗಳ ಶಾಲೆಯಲ್ಲಿ ಫೀಜು ಏರಿತು. ಅವಳನ್ನು ಪುರಸಭೆಯ ಶಾಲೆಗೆ ಸೇರಿಸಿದೆವು.

ಅಲ್ಲಿ ಇನ್ನೊಂದು ಬಗೆಯ ಸಹಾಯ ಕಂಡೆವು. 2019ರ ನವೆಂಬರ್ 14ರಂದು ಆರಂಭವಾದ ‘ನಾಡು–ನೇಡು’ ಯೋಜನೆಯ ಮೊದಲ ಹಂತದಲ್ಲಿ 15,715 ಶಾಲೆಗಳಿಗೆ ನೀರು, ಶೌಚಾಲಯ, ಬೆಂಚು, ಸುಣ್ಣಬಣ್ಣ ದೊರೆತವು. ಕೆಲಸ ಮಾಡಿಸಿದ್ದು ಹೆತ್ತವರ ಸಮಿತಿಗಳು. ಕೂಲಿಯವರೂ ಸೊಪ್ಪು ಮಾರುವವರೂ ಇಂಥ ಸಮಿತಿಯಲ್ಲಿ ಕೂತು ಸಿಮೆಂಟಿನ ಚೀಲ ಎಣಿಸಬಲ್ಲರು!

ಹಾಗಾದರೆ ಬಡವಾದ ಆಡಳಿತ ಮಂಡಳಿಯನ್ನು ಎತ್ತಿ ನಿಲ್ಲಿಸುವುದಕ್ಕೂ ಇದೇ ದಾರಿ ಸಲ್ಲದೆ? ಹಣ ಸರಕಾರದ್ದಿರಲಿ, ಖಾಲಿ ಜಾಗಗಳು ತುಂಬಲಿ, ಲೆಕ್ಕ ಹೆತ್ತವರ ಕಣ್ಣೆದುರಿಗಿರಲಿ. ಶಾಲೆಯನ್ನು ಕೈಯಿಂದ ತೆಗೆದುಕೊಳ್ಳುವುದು ಬೇರೆ, ಕೈಹಿಡಿದು ನಡೆಸುವುದು ಬೇರೆ.

ನಮ್ಮ ಕನ್ನಡ ಮನೆಗಳಿಗೂ ಒಂದು ಮಾತು. ‘ತೆಲುಗು ಸಭೆಯಲ್ಲಿ ನಮಗೇನು ಕೆಲಸ’ ಎಂದು ಶಾಲೆಯ ಸಭೆಗಳಿಗೆ ಹೋಗದವರು ನಮ್ಮಲ್ಲಿ ಅನೇಕರು. ಮಕ್ಕಳು ಕೂರುವ ಬೆಂಚು ನಮ್ಮದೇ. ಮುಂದಿನ ಸಭೆಗೆ ಗಂಡಹೆಂಡಿರಲ್ಲಿ ಒಬ್ಬರಾದರೂ ಹೋಗೋಣ.