ಹೇರೂರಿನ ಜಾವಾ

ಸಿದ್ದಾಪುರ ತಾಲೂಕಿನ ಹೇರೂರಿನ ಒಂದು ಅಡಿಕೆ ತೋಟದ ಮನೆಯಲ್ಲಿ ಅಣ್ಣತಮ್ಮಂದಿರ ಹಿಸೆ ನಡೆಯಿತು. ತೋಟ, ಗದ್ದೆ, ಕೊಟ್ಟಿಗೆ, ಅಟ್ಟದ ಮೇಲಿನ ತಾಮ್ರದ ಹಂಡೆಗಳು, ಎಲ್ಲವೂ ಎರಡು ಪಾಲಾದವು. ಯಾರ ಧ್ವನಿಯೂ ಏರಲಿಲ್ಲ. ತಕರಾರು ಎದ್ದದ್ದು ಕಟ್ಟಿಗೆ ಮನೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿದ್ದ ಮೋಟಾರು ಸೈಕಲ್ಲಿನ ಮೇಲೆ.

ತೀರಿಹೋದ ಯಜಮಾನರು ಅದನ್ನು 1964ರಲ್ಲಿ ಹುಬ್ಬಳ್ಳಿಯಿಂದ ತಂದಿದ್ದರು. ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದ ತಮ್ಮನ ವಾದವೇನೆಂದರೆ, ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿಯೇ ಉಳಿದ ಅಂಥ ಜಾವಾಕ್ಕೆ ಈಗ ಲಕ್ಷಗಳಲ್ಲಿ ಬೆಲೆ ಕಟ್ಟುವವರಿದ್ದಾರೆ. ಅದನ್ನು ಇಟ್ಟುಕೊಳ್ಳುವವನು ಅರ್ಧ ಬೆಲೆಯನ್ನು ಇನ್ನೊಬ್ಬನಿಗೆ ಕೊಡತಕ್ಕದ್ದು. ಅಣ್ಣನಾದರೋ ಅದು ಹತ್ತು ಗಾಡಿಗಳ ಚೂರುಗಳನ್ನು ಕೂಡಿಸಿದ ಗುಜರಿಯೆಂದನು. ಬೆಲೆ ಕಡಿಮೆಯೆನ್ನುವವನೇ ಇಟ್ಟುಕೊಳ್ಳಲು ಬಯಸುವವನು ಎಂಬುದು ಹಿಸೆಯ ಅನುಭವವಿದ್ದ ಯಾರಿಗೂ ತಿಳಿದ ಮಾತು. ಕೊನೆಗೆ ಇಬ್ಬರೂ ಒಪ್ಪಿ ಮೈಸೂರಿನಿಂದ ಒಬ್ಬ ಪರೀಕ್ಷಕರನ್ನು ಕರೆಸಿದರು. ಇಡೀ ಆಯುಷ್ಯವನ್ನು ಈ ಒಂದೇ ಜಾತಿಯ ಯಂತ್ರದ ರಿಪೇರಿಯಲ್ಲಿ ಕಳೆದ ಮನುಷ್ಯ ಅವರು.

ಜಾವಾದ ಕಥೆ ಕನ್ನಡನಾಡಿನವರಿಗೆ ಹೊಸದೇನಲ್ಲ. ಚೆಕ್ ದೇಶದ ಯಾನೆಚೆಕ್ ಎಂಬ ಕಾರ್ಖಾನೆದಾರರು 1929ರಲ್ಲಿ ಜರ್ಮನಿಯ ವಾಂಡರರ್ ಕಂಪೆನಿಯ ಮೋಟಾರು ಸೈಕಲ್ಲಿನ ಹಕ್ಕನ್ನು ಪಡೆದು, ತಮ್ಮ ಹೆಸರಿನ ಮೊದಲಕ್ಷರಗಳಿಗೆ ಅದರ ಮೊದಲಕ್ಷರಗಳನ್ನು ಜೋಡಿಸಿ ‘ಜಾವಾ’ ಎಂದರು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಆರಂಭವಾದದ್ದು 1960–61ರಲ್ಲಿ. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರೇ ಅದನ್ನು ಉದ್ಘಾಟಿಸಿದರು. ಮೊದಮೊದಲು ಬಿಡಿಭಾಗಗಳು ಹಡಗಿನಲ್ಲಿ ಬಂದು ಇಲ್ಲಿ ಜೋಡಣೆಯಾಗುತ್ತಿದ್ದವು. ವರ್ಷ ಕಳೆದಂತೆ ಒಂದೊಂದಾಗಿ ಈ ದೇಶದಲ್ಲಿಯೇ ತಯಾರಾದವು. 1973ರಲ್ಲಿ ಜಾವಾ ಎಂಬ ಹೆಸರು ಹೋಗಿ ‘ಯೆಜ್ಡಿ’ ಬಂದಿತು. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದೂ ಅದೇ ವರ್ಷ. ವೇಗವನ್ನು ಬಯಸುವವರಿಗಾಗಿ ರೋಡ್‌ಕಿಂಗ್ 1978ರಲ್ಲಿ ಬಂದಿತು. ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು.

ಒಂದು ಅನುಕೂಲ ಇಲ್ಲಿ ಪರೀಕ್ಷಕರಿಗೆ ತೊಡಕಾಗುತ್ತದೆ. ಹೆಸರು ಬದಲಾದರೂ ಎಷ್ಟೋ ಭಾಗಗಳ ಅಳತೆ ಬದಲಾಗಲಿಲ್ಲ. ಯೆಜ್ಡಿಯ ಸಾಮಾನು ಜಾವಾಕ್ಕೆ ಸಲೀಸಾಗಿ ಕೂರುತ್ತದೆ. ಮಲೆನಾಡಿನ ಮಳೆಯಲ್ಲಿ ತುಕ್ಕು ಹಿಡಿದದ್ದನ್ನು ತೆಗೆದು, ಪೇಟೆಯಲ್ಲಿ ಸಿಕ್ಕಿದ್ದನ್ನು ಹಾಕಿಸಿ, ಮರುದಿನ ಅಡಿಕೆ ವ್ಯಾಪಾರಕ್ಕೆ ಶಿರಸಿಗೆ ಹೊರಡುವುದು ತೋಟಿಗರಿಗೆ ಬೇಕಾಗಿತ್ತೇ ಹೊರತು, ಅರುವತ್ತು ವರ್ಷಗಳ ಮೇಲೆ ಯಾರೋ ಬಂದು ಮೊಳೆ ಮೊಳೆಯ ಜಾತಕ ಕೇಳುವರೆಂಬ ಯೋಚನೆ ಯಾರಿಗಿತ್ತು?

ಗೋಣಿಚೀಲ ಸರಿಸಿದ ಪರೀಕ್ಷಕರು ಬಹಳ ಹೊತ್ತು ಏನನ್ನೂ ಮುಟ್ಟಲಿಲ್ಲ. ಆಮೇಲೆ ಒಂದೊಂದಾಗಿ ಹೇಳತೊಡಗಿದರು. ಒಂದೇ ಸಿಲಿಂಡರಿನಿಂದ ಹೊರಟ ಎರಡು ಹೊಗೆಕೊಳವೆ, ಚೈನನ್ನು ಪೂರ್ಣವಾಗಿ ಮುಚ್ಚಿದ ತಗಡಿನ ಪೆಟ್ಟಿಗೆ, 16 ಅಂಗುಲದ ಚಕ್ರಗಳು, ಒದ್ದರೆ ಯಂತ್ರವನ್ನು ಚಾಲೂ ಮಾಡಿ ಮಗುಚಿದರೆ ಗೇರು ಬದಲಿಸುವ ಒಂದೇ ಸನ್ನೆ: ಇವೆಲ್ಲ ಆ ಮಾದರಿಯ ಸಾಮಾನ್ಯ ಲಕ್ಷಣಗಳು, ಇವುಗಳಿಂದ ವರ್ಷ ತಿಳಿಯದು. ವರ್ಷ ತಿಳಿಯುವುದು ಸಣ್ಣ ಅಕ್ಷರಗಳಿಂದ. ಕಾರ್ಬುರೇಟರಿನ ಮೈಮೇಲೆ ‘ಜಿಕೋವ್’ ಎಂಬ ಹೆಸರಿತ್ತು. ವಿದ್ಯುತ್ತಿನ ಭಾಗದ ಮೇಲೆ ‘ಪಾಲ್’ ಎಂಬ ಮುದ್ರೆ. ಎರಡೂ ಚೆಕ್ ದೇಶದವು. ತಮ್ಮನ ಮುಖ ಅರಳಿತು. ಇಂಜಿನ್ನಿನ ಮುಚ್ಚಳದ ತಿರುಪುಗಳಲ್ಲಿ ಕೆಲವು ನೇರಗೀರಿನವು, ಕೆಲವು ಅಡ್ಡಗೀರಿನವು. ಈ ಎರಡನೆಯವು ಪೇಟೆಯಿಂದ ಬಂದವೆಂದಾಗ ಅಣ್ಣ ತಲೆದೂಗಿದನು. ಉಪಕರಣದ ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲಿ, ಬಿಸಿಲೂ ಮಳೆಯೂ ತಾಗದ ಜಾಗದಲ್ಲಿ, ಮೇಲಿನ ಬಣ್ಣವನ್ನು ಬೆರಳುಗುರಿನಷ್ಟು ಕೆರೆದಾಗ ಹಳೆಯ ಕಡುಗೆಂಪು ಬಣ್ಣ ಕಾಣಿಸಿತು. ಕೆರೆಯುವುದೇ ಆದರೆ ಇಂಥ ಮರೆಯಾದ ಕಡೆಗಳಲ್ಲಿ ಕೆರೆಯಬೇಕು. ಹೊರಗಿನ ಹೊಳಪನ್ನು ನೋಡಿ ಹಣ ಕೊಟ್ಟು ಮೋಸಹೋದವರು ಎಷ್ಟೋ ಮಂದಿ.

ಪೆಟ್ರೋಲು ಟ್ಯಾಂಕಿನ ವಿಚಾರದಲ್ಲಿ ವಾದಕ್ಕೆ ಎಡೆಯೇ ಇರಲಿಲ್ಲ. ಅದರ ಮೇಲೆ ಯೆಜ್ಡಿ ಎಂದಿತ್ತು. 1964ರ ಗಾಡಿಗೆ 1973ರ ಅನಂತರದ ಹೆಸರು ಬರುವುದೆಂತು?

ಹೀಗೆ ಲೆಕ್ಕ ಒಮ್ಮೆ ಅಣ್ಣನ ಕಡೆ, ಒಮ್ಮೆ ತಮ್ಮನ ಕಡೆ ವಾಲುತ್ತಿರಲು, ಪರೀಕ್ಷಕರು ಇಂಜಿನ್ನಿನ ಸಂಖ್ಯೆಯ ಬಳಿ ಬಂದು ನಿಂತರು. ಅಂಕಿಗಳು ನೋಂದಣಿ ಪುಸ್ತಕದೊಂದಿಗೆ ತಾಳೆಯಾಗುತ್ತಿದ್ದವು. ಆದರೆ ಅವರ ಮುಖ ಗಂಟಿಕ್ಕಿತು. ಚೌಕಟ್ಟಿನ ಮೇಲಿನ ಅಂಕಿಗಳ ಅಚ್ಚು ಬೇರೆ, ಇದರ ಅಚ್ಚು ಬೇರೆ. ಒಂದು ಅಂಕಿ ಮೇಲೆ, ಒಂದು ಕೆಳಗೆ. ಏಳು ಎಂಬುದರ ತಲೆ ವಾರೆ. “ಇದು ಕಾರ್ಖಾನೆಯಲ್ಲಿ ಹೊಡೆದ ನಂಬರಲ್ಲ” ಎಂದರು.

ಆ ಮಾತಿನೊಂದಿಗೆ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಕದ್ದ ಇಂಜಿನ್ನಿನ ಸಂಖ್ಯೆಯನ್ನು ಉಜ್ಜಿ ಅಳಿಸಿ, ತಮ್ಮ ಪುಸ್ತಕದ ಸಂಖ್ಯೆಯನ್ನು ಒತ್ತುವ ಕಳ್ಳವ್ಯಾಪಾರ ಎಲ್ಲ ಕಾಲದಲ್ಲಿಯೂ ಉಂಟು. ಅದುವರೆಗೆ ಬೆಲೆಯ ಮಾತಾಗಿದ್ದದ್ದು ತೀರಿಹೋದ ತಂದೆಯ ಮಾನದ ಮಾತಾಯಿತು. ಇಂಜಿನ್ನಿನ ಬದಲಾವಣೆಯನ್ನು ಅಧಿಕಾರಿಗಳು ನಮೂದಿಸಿದ್ದರೆ ಅದು ಇರಬೇಕಾದ ಪುಟಗಳನ್ನು ಒರಲೆ ತಿಂದಿತ್ತು. ಅಣ್ಣತಮ್ಮಂದಿರು ಆ ದಿನ ಮೊದಲ ಬಾರಿಗೆ ಒಂದೇ ಪಕ್ಷದವರಾದರು.

ಲೋಹದ ಮೇಲೆ ಅಂಕಿಯನ್ನು ಒತ್ತಿದಾಗ ಕಾಣುವ ಗೀರು ಮಾತ್ರವಲ್ಲದೆ, ಅದರ ಅಡಿಯ ಲೋಹವೂ ಒತ್ತಡಕ್ಕೆ ಸಿಕ್ಕಿ ಬದಲಾಗಿರುತ್ತದೆ. ಮೇಲಿನ ಗೀರನ್ನು ಅರದಿಂದ ಉಜ್ಜಿದರೂ ಅಡಿಯ ಪೆಟ್ಟು ಉಳಿಯುತ್ತದೆ. ಆ ಜಾಗವನ್ನು ನುಣುಪು ಮಾಡಿ ತಕ್ಕ ರಾಸಾಯನಿಕವನ್ನು ಸವರಿದರೆ ಪೆಟ್ಟು ತಿಂದ ಲೋಹ ಬೇರೆ ರೀತಿಯಲ್ಲಿ ಕರಗಿ, ಅಳಿದ ಅಂಕಿ ಮಸುಕಾಗಿ ಮೇಲೆದ್ದು ಬರುವುದು. ಪೊಲೀಸರ ಪ್ರಯೋಗಶಾಲೆಗಳಲ್ಲಿ ಬಳಸುವ ವಿಧಾನವಿದು. ಉಕ್ಕಿಗೆ ಒಂದು ದ್ರಾವಣ, ಅಲ್ಯುಮಿನಿಯಂ ಲೋಹಕ್ಕೆ ಇನ್ನೊಂದು. ಪರೀಕ್ಷಕರು ಕಾಸ್ಟಿಕ್ ಸೋಡಾದ ನೀರನ್ನು ಹತ್ತಿಯಲ್ಲಿ ಅದ್ದಿ, ಅಂಕಿಗಳ ನಡುವಣ ಬಯಲಿನಲ್ಲಿ ಸವರಿ ಕಾದರು. ಏನೂ ಮೂಡಲಿಲ್ಲ. ಆದರೆ ಮೂಡದಿರುವುದು ಪೂರ್ಣ ಪುರಾವೆಯಲ್ಲ. ಆಳವಾಗಿ ಉಜ್ಜಿದ್ದರೆ ಅಡಿಯ ಪೆಟ್ಟೂ ಹೋಗಿರುತ್ತದೆ ಎಂದು ಅವರೇ ಹೇಳಿದರು. ಪ್ರಾಮಾಣಿಕನಾದ ಪರೀಕ್ಷಕ ತನ್ನ ಪರೀಕ್ಷೆಯ ಮಿತಿಯನ್ನೂ ಹೇಳಿಬಿಡುತ್ತಾನೆ. ಇನ್ನು ಬೇಕಾಗಿದ್ದದ್ದು ಕಾಗದ.

ಕಾಗದದ ಬೆಲೆಯನ್ನು ಅರಿಯಬೇಕಾದರೆ ಅಮೆರಿಕದ ಕಡೆ ನೋಡಬೇಕು. ಅಲ್ಲಿ ಷೆವರ್ಲೆ ಕಂಪೆನಿಯವರು 1967ರಲ್ಲಿ ಕ್ಯಾಮರೋ ಕಾರಿಗೆ ‘ಝಡ್-28’ ಎಂಬ ವಿಶೇಷ ಜೋಡಣೆಯನ್ನು ಕೊಟ್ಟರು. ಐದು ಲೀಟರಿನೊಳಗಿನ ಇಂಜಿನ್ನುಗಳ ಪಂದ್ಯಕ್ಕಾಗಿಯೇ ಮಾಡಿದ 302 ಘನ ಅಂಗುಲದ ಇಂಜಿನ್ನು. ಆ ವರ್ಷ ತಯಾರಾದವು 602 ಕಾರುಗಳು ಮಾತ್ರ. ಆದರೆ ಕಾರಿನ ಕ್ರಮಸಂಖ್ಯೆಯಲ್ಲಿ ಈ ವಿಶೇಷದ ಸುಳಿವೇ ಇರಲಿಲ್ಲ. ಮೊದಲ ವರ್ಷ ಮೈಮೇಲೆ ಹೆಸರೂ ಬರೆದಿರಲಿಲ್ಲ. ಸಾಮಾನ್ಯ ಕ್ಯಾಮರೋಕ್ಕೆ ಪಟ್ಟೆ ಎಳೆದು ಝಡ್-28 ಎಂದು ಮಾರುವವರಿಗೆ ಇದಕ್ಕಿಂತ ಸುಗ್ಗಿ ಬೇಕೆ? ಅದಕ್ಕೇ ಅಲ್ಲಿನ ಸಂಗ್ರಾಹಕರು ಹಳೆಯ ಕಾರುಗಳ ಆಸನದ ಸ್ಪ್ರಿಂಗುಗಳ ನಡುವೆ, ಪೆಟ್ರೋಲು ಟ್ಯಾಂಕಿನ ನೆತ್ತಿಯ ಮೇಲೆ ತಡಕಾಡುತ್ತಾರೆ. ಜೋಡಣೆಯ ಸಾಲಿನಲ್ಲಿ ಕೆಲಸಗಾರರು ನೋಡಿಕೊಳ್ಳುತ್ತಿದ್ದ ಪಟ್ಟಿಯ ಹಾಳೆ ಕೆಲವೊಮ್ಮೆ ಅಲ್ಲೇ ಉಳಿದಿರುತ್ತದೆ.

ಹೇರೂರಿನ ಮನೆಯಲ್ಲಿ ಅಂಥ ಹಾಳೆ ಎಲ್ಲಿಂದ ಬರಬೇಕು? ಜಗಲಿಯ ಕಂಬಕ್ಕೆ ಒರಗಿ ಕುಳಿತು ಎಲ್ಲವನ್ನೂ ಕೇಳುತ್ತಿದ್ದ ಮುದುಕಿ, ಆ ಮಕ್ಕಳ ಆಯಿ, ಎದ್ದು ಒಳಗೆ ಹೋದರು. ಹಿಂದಿರುಗಿದಾಗ ಕೈಯಲ್ಲಿ ಕೆಂಪು ಬಟ್ಟೆಯ ಹೊದಿಕೆಯ ಲೆಕ್ಕದ ಪುಸ್ತಕಗಳಿದ್ದವು. ಅಡಿಕೆ ಮಾರಿದ ಜಮೆಯ ಎದುರಿಗೆ ಮನೆಯ ಖರ್ಚನ್ನೆಲ್ಲ ಯಜಮಾನರು ಬರೆದಿಟ್ಟಿದ್ದರು. ಅವುಗಳ ನಡುವೆ ‘ಜಾವಾ ಬಾಬತು’ ಎಂಬ ಸಾಲುಗಳು.

1977ರ ಪುಸ್ತಕದಲ್ಲಿ ಇಂಜಿನ್ನಿನ ಸಂಗತಿ ಸಿಕ್ಕಿತು. ಓಡುವಾಗ ಚೈನು ಕಡಿದು ಇಂಜಿನ್ನಿನ ಕವಚವನ್ನು ಒಡೆದಿತ್ತು. ಹುಬ್ಬಳ್ಳಿಯಿಂದ ಹೊಸ ಕವಚ ತಂದದ್ದು, ನಂಬರು ಹೊಡೆಸಿದ್ದು, ಕಾರವಾರಕ್ಕೆ ಹೋಗಿಬಂದ ಬಸ್ಸಿನ ಖರ್ಚು, ಅರ್ಜಿಯ ಶುಲ್ಕ, ಎಲ್ಲವೂ ಸಾಲಾಗಿ ಇದ್ದವು. ಸಂಖ್ಯೆಯಿಲ್ಲದೆ ಬಂದ ಬರಿಯ ಕವಚದ ಮೇಲೆ ಹಳೆಯ ಸಂಖ್ಯೆಯನ್ನೇ ಒತ್ತಿಸಿದ್ದರು. ಅಣ್ಣ ಆ ಸಾಲನ್ನು ಎರಡು ಸಲ ಗಟ್ಟಿಯಾಗಿ ಓದಿದನು. ತಮ್ಮ ಕನ್ನಡಕ ತೆಗೆದು ಒರೆಸಿಕೊಂಡನು.

ಟ್ಯಾಂಕು ಬದಲಾದದ್ದು 1981ರಲ್ಲಿ. ಹಳೆಯದನ್ನು ಎರಡು ಸಲ ಬೆಸುಗೆ ಹಾಕಿಸಿಯೂ ಸೋರುವುದು ನಿಲ್ಲದೆ ಅಟ್ಟಕ್ಕೆ ಸೇರಿಸಿದ್ದರು. ಮೊಮ್ಮಗ ಏಣಿ ಹತ್ತಿ ಅದನ್ನು ಇಳಿಸಿದನು. ತಳ ತುಕ್ಕು ತಿಂದಿದ್ದರೂ ಪಕ್ಕೆಗಳ ಕ್ರೋಮಿಯಂ ಲೇಪ ಒಂದು ಕಡೆ ಇನ್ನೂ ಮಿಂಚುತ್ತಿತ್ತು. ಪರೀಕ್ಷಕರಿಗೆ ಆ ದಿನದ ಎಲ್ಲಕ್ಕಿಂತ ಹೆಚ್ಚಿನ ಸಂತೋಷ ಅದರಿಂದಾಯಿತೆಂದು ತೋರುತ್ತದೆ; ಮಗುವನ್ನೆತ್ತಿದಂತೆ ಎತ್ತಿಕೊಂಡರು.

ಕಡೆಯಲ್ಲಿ ಅವರು ಬಿಚ್ಚಿ ತೆಗೆಯಬೇಕಾದ ವಸ್ತುಗಳ ಪಟ್ಟಿ ಮಾಡಿದರು. ಅಡ್ಡಗೀರಿನ ತಿರುಪುಗಳು, ಯೆಜ್ಡಿಯ ಟ್ಯಾಂಕು, ಚೀಲ ಹೇರುವ ಕ್ಯಾರಿಯರು, ಎಡಗಡೆಯ ಸೀರೆ ಗಾರ್ಡು. ಹಿಂಬದಿಯ ಚಕ್ರಕ್ಕೆ ಇಂಥ ರಕ್ಷಣೆ ಕಡ್ಡಾಯವೆಂಬುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಇದೆ. ಈ ಗಾರ್ಡು ಅದಕ್ಕೂ ಬಹಳ ಹಿಂದಿನದು. ಸರಳು ದಪ್ಪ, ಬಗ್ಗಿಸಿದ ರೀತಿ ಒರಟು. “ಇದು ಕಂಪೆನಿಯದಲ್ಲ, ಅಮ್ಮ. ಯಾರೋ ಕಮ್ಮಾರರು ಮಾಡಿದ್ದು” ಎಂದರು.

“ಹೌದು ತಮ್ಮಾ, ಶಿರಸಿಯಲ್ಲಿ ಮಾಡಿಸಿದ್ದು. ನನ್ನ ಮದುವೆಯಾದ ವರ್ಷ” ಎಂದರು ಆಯಿ.

1966ರ ಪುಸ್ತಕದಲ್ಲಿ ಅದೂ ಇತ್ತು. ವೈಶಾಖದಲ್ಲಿ ಮದುವೆ; ಹದಿನೈದು ದಿನ ಕಳೆಯುವುದರೊಳಗೆ ಕಮ್ಮಾರನಿಗೆ ಹಣ. ಹೊಸ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೊರಟಾಗ ಸೀರೆಯ ಸೆರಗು ಚಕ್ರಕ್ಕೆ ಸಿಕ್ಕಿ ಹರಿಯಿತಂತೆ; ಮರುದಿನವೇ ಯಜಮಾನರು ಶಿರಸಿಗೆ ಹೋದರಂತೆ. ಇದನ್ನು ಹೇಳುವಾಗ ಆಯಿಯ ದನಿಯಲ್ಲಿ ಯಾವ ವಿಶೇಷವೂ ಇರಲಿಲ್ಲ. ಚೈನಿನ ಸಂಗತಿಯನ್ನು ಹೇಳಿದಂತೆಯೇ ಹೇಳಿದರು.

ಪರೀಕ್ಷಕರು ಪಟ್ಟಿಯನ್ನು ನೋಡಿದರು, ಗಾರ್ಡನ್ನು ನೋಡಿದರು. ಗಾರ್ಡು ಇದ್ದರೆ ಕೊಳ್ಳುವವರು ಬೆಲೆ ತಗ್ಗಿಸಿಯಾರೆಂದು ಹೇಳಬೇಕಾದ ಕರ್ತವ್ಯ ಅವರದು, ಅದನ್ನು ಹೇಳಿದರು. ಮಾರುವ ಮಾತೇ ಬೇಡವೆಂದು ಹೇಳಿದವನು ಅಣ್ಣನಲ್ಲ, ತಮ್ಮ. ಬದಲಾದ ಇಂಜಿನ್ನಿನ ಕವಚ, ಸೋರುವ ಟ್ಯಾಂಕು, ಎಲ್ಲವನ್ನೂ ಕಳೆದು ಪರೀಕ್ಷಕರು ಕಟ್ಟಿದ ಬೆಲೆ ತಮ್ಮ ಹೇಳಿದ್ದಕ್ಕಿಂತ ಬಹಳ ಕಡಿಮೆ, ಅಣ್ಣ ಹೇಳಿದ್ದಕ್ಕಿಂತ ಬಹಳ ಹೆಚ್ಚು. ಅದರ ಅರ್ಧವನ್ನು ಅಣ್ಣ ಮುಂದಿನ ಕೊನೆಕೊಯ್ಲಿನ ಹಣದಲ್ಲಿ ಕೊಡುವುದೆಂದಾಯಿತು. ಹಳೆಯ ಟ್ಯಾಂಕು ದುರಸ್ತಿಗೆ ಪರೀಕ್ಷಕರೊಂದಿಗೆ ಮೈಸೂರಿಗೆ ಹೋಯಿತು.

ಹಿಸೆಯ ಪತ್ರದಲ್ಲಿ, ತಾಮ್ರದ ಹಂಡೆಗಳ ಕೆಳಗೆ, ಅಣ್ಣನ ಪಾಲಿನ ಪಟ್ಟಿಯಲ್ಲಿ ಹೀಗೆ ಬರೆಯಲಾಯಿತು: ಜಾವಾ ಮೋಟಾರು ಸೈಕಲ್ಲು 1, ಸೀರೆ ಗಾರ್ಡು ಸಹಿತ.