ಪರಾಭವ ಸಂವತ್ಸರದ ಬೇವುಬೆಲ್ಲ

ಯುಗಾದಿಯ ದಿನ ಪಂಚಾಂಗಶ್ರವಣಕ್ಕೆ ಕುಳಿತವರು ಮೊದಲು ಕಿವಿಗೊಡುವುದು ಹೊಸ ಸಂವತ್ಸರದ ಹೆಸರಿಗೆ. 2026ರ ಚೈತ್ರ ಶುದ್ಧ ಪಾಡ್ಯದಂದು ಆರಂಭವಾದ ವರ್ಷಕ್ಕೆ ಪರಾಭವವೆಂದು ಹೆಸರು. ಪರಾಭವವೆಂದರೆ ಸೋಲು. ಇದನ್ನು ಕೇಳಿ ನಮ್ಮ ಬಂಧುಗಳಲ್ಲಿ ಕೆಲವರು ಮುಖ ಸಣ್ಣದು ಮಾಡಿಕೊಂಡರು. ನಮಗಾದರೋ ಈ ಹೆಸರು ಹಳೆಯ ಪರಿಚಯ. ನಾವು ಹುಟ್ಟಿದ 1966ನೆಯ ಇಸವಿಯೂ ಪರಾಭವವೇ. ಗುರುವು ರಾಶಿಚಕ್ರವನ್ನು ಸುಮಾರು 12 ವರ್ಷಗಳಿಗೂ, ಶನಿಯು ಸುಮಾರು 30 ವರ್ಷಗಳಿಗೂ ಒಮ್ಮೆ ಸುತ್ತುವುದರಿಂದ, ಸುಮಾರು 60 ವರ್ಷಗಳಿಗೆ ಇಬ್ಬರೂ ಮೊದಲಿದ್ದ ಸ್ಥಾನಗಳ ಬಳಿಗೆ ಬರುತ್ತಾರೆ. ಸಂವತ್ಸರಗಳ ಹೆಸರುಗಳೂ ಅರುವತ್ತೇ. ಹುಟ್ಟಿದ ವರ್ಷದ ಹೆಸರು ಮನುಷ್ಯನನ್ನು ನೋಡಲು ಒಂದು ಸಲ ಹಿಂದಿರುಗಿ ಬರುತ್ತದೆ. ಇನ್ನೊಂದು ಸಲ ಬರಬೇಕಾದರೆ ನೂರಿಪ್ಪತ್ತು ವರ್ಷ ಬದುಕಿರಬೇಕು.

ಇದೇ ವರ್ಷ ನಮಗೆ ಪಾಠಶಾಲೆಯ ಕೆಲಸದಿಂದ ನಿವೃತ್ತಿಯಾಯಿತು. ನಮ್ಮೊಡನೆ ಕೆಲಸಕ್ಕೆ ಸೇರಿದ ಸಮವಯಸ್ಕರಲ್ಲಿ ಇಬ್ಬರು ಈ ಸಲದ ಬೇವುಬೆಲ್ಲಕ್ಕೆ ಉಳಿಯಲಿಲ್ಲ. ವೈದ್ಯರು ನಮ್ಮ ರಕ್ತದೊತ್ತಡವನ್ನು ನೋಡಿ, ಪ್ರತಿದಿನವೂ ನುಂಗತಕ್ಕ ಗುಳಿಗೆಯೊಂದನ್ನು ಬರೆದುಕೊಟ್ಟಿದ್ದಾರೆ. ಆದಕಾರಣ ಸೋಲೆಂಬ ಮಾತನ್ನು ನಕ್ಕು ತಳ್ಳಿಬಿಡುವ ಹಾಗಿಲ್ಲ.

ಸಂಸ್ಕೃತ ಪಾಠ ಹೇಳಿ ಬದುಕಿದವರಿಗೆ ಶಬ್ದವನ್ನು ಬಿಡಿಸಿ ನೋಡದೆ ಸಮಾಧಾನವಿಲ್ಲವಷ್ಟೆ. ಪರಾಭವದಲ್ಲಿರುವ ಧಾತು ‘ಭೂ’. ಇರುವುದು, ಆಗುವುದು ಎಂದು ಅದರ ಅರ್ಥ. ಅರುವತ್ತರಲ್ಲಿ ಮೊದಲನೆಯದಾದ ಪ್ರಭವದಲ್ಲಿಯೂ, ಎರಡನೆಯದಾದ ವಿಭವದಲ್ಲಿಯೂ ಇರುವುದು ಇದೇ ಧಾತು. ‘ಪ್ರ’ ಎಂಬ ಉಪಸರ್ಗ ಸೇರಿದರೆ ಹುಟ್ಟು, ‘ವಿ’ ಸೇರಿದರೆ ಸಂಪತ್ತು, ‘ಪರಾ’ ಸೇರಿದರೆ ಸೋಲು. ‘ಅನು’ ಸೇರಿದರೆ ಅನುಭವ. ಅರುವತ್ತು ಹೆಸರುಗಳಲ್ಲಿ ಅನುಭವವೆಂಬುದಿಲ್ಲ. ಅದನ್ನು ಪಂಚಾಂಗವು ಕೊಡಲಾರದು. ವರ್ಷ ಯಾವುದೇ ಆಗಲಿ, ಬದುಕಿದವನೇ ಅದನ್ನು ಸಂಪಾದಿಸಿಕೊಳ್ಳಬೇಕು.

ಧಾತುವೆಂಬ ಮಾತು ಆಯುರ್ವೇದದಲ್ಲಿಯೂ ಉಂಟು. ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರವೆಂಬ ಏಳು ಧಾತುಗಳು ದೇಹವನ್ನು ಧರಿಸಿವೆಯೆಂದು ಆ ಶಾಸ್ತ್ರವು ಹೇಳುತ್ತದೆ. ಉಪಸರ್ಗವು ಕಾಲದ ಕೈಯಲ್ಲಿದ್ದರೂ, ಧಾತುವನ್ನು ಕಾಪಾಡಿಕೊಳ್ಳುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಬಲಶಾಲಿಯಾದವನೂ ತನ್ನ ಶಕ್ತಿಯ ಅರ್ಧದಷ್ಟೇ ವ್ಯಾಯಾಮ ಮಾಡಬೇಕೆಂದು ಅಷ್ಟಾಂಗಹೃದಯದಲ್ಲಿ ವಾಗ್ಭಟನ ಮತ. ವಸಂತದಲ್ಲಿ ಜಡವಾದ, ಸಿಹಿಯಾದ, ಜಿಡ್ಡಿನ ಆಹಾರವನ್ನೂ ಹಗಲುನಿದ್ದೆಯನ್ನೂ ಬಿಡಬೇಕೆಂಬುದೂ ಅವನದೇ ವಿಧಿ. ತುಪ್ಪ ಸುರಿದ ಹೋಳಿಗೆಯನ್ನುಂಡು ಮಧ್ಯಾಹ್ನ ಚಾಪೆ ಹಾಸುವ ನಮ್ಮ ಯುಗಾದಿಯನ್ನು ಅವನು ಕಂಡಿದ್ದರೆ ಏನೆನ್ನುತ್ತಿದ್ದನೋ! ಹಬ್ಬದ ಹೋಳಿಗೆಯನ್ನೇ ಬಿಡಬೇಕೆಂದು ನಾವು ಹೇಳುವುದಿಲ್ಲ. ಮೂರರ ಜಾಗದಲ್ಲಿ ಒಂದು ಸಾಕು.

ಗೃಹಸ್ಥರಾದ ವಾಚಕರಲ್ಲಿ ಇನ್ನೊಂದು ಅರಿಕೆ. ಹಬ್ಬದ ದಿನ ಮನೆಮಂದಿಯ ತಲೆಗೆಲ್ಲ ಎಣ್ಣೆಯೊತ್ತಿ, ಕಡೆಗೆ ಹಂಡೆಯಲ್ಲುಳಿದ ಆರಿದ ನೀರನ್ನು ಹುಯ್ದುಕೊಳ್ಳುವವಳು ಗೃಹಿಣಿ. ಯಜಮಾನನ ಗುಳಿಗೆಯ ಹೊತ್ತು ಆಕೆಗೆ ನೆನಪಿರುತ್ತದೆ. ತನ್ನ ಮಂಡಿನೋವನ್ನು ಮಾತ್ರ ಯಾರ ಮುಂದೆಯೂ ಹೇಳಳು. ರಕ್ತದೊತ್ತಡವಾದರೋ ಎಷ್ಟೋ ವರ್ಷ ಯಾವ ಲಕ್ಷಣವನ್ನೂ ತೋರದೆ ಒಳಗೊಳಗೇ ಕೆಲಸ ಮಾಡಬಲ್ಲದು. ಈ ಸಲ ವೈದ್ಯರಲ್ಲಿಗೆ ಹೋದಾಗ ನಮ್ಮ ಮನೆಯವರನ್ನೂ ಕರೆದುಕೊಂಡುಹೋಗಿ ಅವರ ತೋಳಿಗೂ ಪಟ್ಟಿ ಸುತ್ತಿಸಿದೆವು. “ನನಗೇನಾಗಿದೆ?” ಎಂದು ದಾರಿಯಲ್ಲಿ ಮೂರು ಸಲ ಕೇಳಿದರು. ಅವರ ಅಂಕಿ ನಮ್ಮದಕ್ಕಿಂತ ಹೆಚ್ಚಾಗಿತ್ತು. ಈಗ ಮನೆಯಲ್ಲಿ ಗುಳಿಗೆಯ ಡಬ್ಬಿಗಳು ಎರಡು. ಸಾಯಂಕಾಲ ತಿರುಗಾಟಕ್ಕೆ ಹೊರಡುವವರೂ ಇಬ್ಬರು. ಮೂವತ್ತು ವರ್ಷ ಅಡಿಗೆಮನೆಗೂ ಪಾಠಶಾಲೆಗೂ ಹಂಚಿಹೋಗಿದ್ದ ಮಾತುಗಳು ಆ ದಾರಿಯಲ್ಲಿ ಒಂದೊಂದಾಗಿ ಹೊರಬರುತ್ತಿವೆ.

ನೂರು ವರ್ಷದ ಆಯುಸ್ಸನ್ನೂ ವಜ್ರದಂಥ ದೇಹವನ್ನೂ ಬೇಡುವ ಶ್ಲೋಕವನ್ನು ಹೇಳಿ ಬೇವುಬೆಲ್ಲವನ್ನು ತಿನ್ನುವುದು ನಮ್ಮವರ ವಾಡಿಕೆ. ಬೇಡಿದ ಮೇಲೆ, ಬೇಡಿದ್ದನ್ನು ತುಂಬಿಡುವ ಪಾತ್ರೆಯನ್ನು ಬೆಳಗಿಟ್ಟುಕೊಳ್ಳುವುದು ಬೇಡಿದವನ ಕರ್ತವ್ಯವಲ್ಲವೆ? 2027ರ ಯುಗಾದಿಗೆ ಬರುವುದು ಪ್ಲವಂಗ ಸಂವತ್ಸರ. ಪ್ಲವಂಗವೆಂದರೆ ನೆಗೆಯುವ ಕಪಿ. ನಮ್ಮಿಬ್ಬರ ಮಂಡಿಗಳಿಗೆ ನೆಗೆತದ ಆಸೆಯಿಲ್ಲ. ಆ ಹೊತ್ತಿಗೆ ಕೆರೆಯ ಏರಿಯವರೆಗೆ ನಡೆದುಹೋಗಿ, ಜೊತೆಯಲ್ಲಿಯೇ ಮನೆಗೆ ಹಿಂದಿರುಗುವಂತಿದ್ದರೆ ಅಷ್ಟೇ ಸಾಕು.